ಆರ್ಡರ್ ಒತ್ತಿದ ಮೇಲೆ ಒಳಗೆ ಏನೇನು ನಡೆಯುತ್ತದೆ? ಷೇರುಪೇಟೆಯ ಯಂತ್ರ ಬಿಚ್ಚಿ ನೋಡೋಣ

ಹೊಸಪೈರು
ಯಾವ ಷೇರು ಕೊಳ್ಳಲಿ ಎಂದು ಕೇಳುತ್ತಿಲ್ಲ, ದಯವಿಟ್ಟು ಟಿಪ್ಸ್ ಬೇಡ. ಕೊಳ್ಳುವ ಗುಂಡಿ ಒತ್ತಿದ ಕ್ಷಣದಿಂದ ಷೇರು ಡಿಮ್ಯಾಟ್ ಖಾತೆಗೆ (ಷೇರುಗಳನ್ನು ಕಾಗದವಿಲ್ಲದೆ ಇಡುವ ಖಾತೆ) ಬಂದು ಕೂರುವವರೆಗೆ ಅದು ಯಾರ ಯಾರ ಕೈ ದಾಟುತ್ತದೆ? ಬೆಲೆ ಹಾಕುವವರು ಯಾರು? ನಡುವೆ ದುಡ್ಡು ಎಲ್ಲೆಲ್ಲಿ ಸೋರುತ್ತದೆ? ವಿಡಿಯೋಗಳೆಲ್ಲ ಮೊದಲ ನಿಮಿಷದಲ್ಲೇ ಕ್ಯಾಂಡಲ್ ಚಾರ್ಟಿಗೆ ಹಾರುತ್ತವೆ. ಅದಕ್ಕೂ ಮುಂಚಿನದ್ದು ಬೇಕು.

ಆರ್ಡರ್‌ಬುಕ್_ಓದುಗ
ಬೆಲೆಯಿಂದ ಶುರು ಮಾಡೋಣ. ಬೆಲೆಯನ್ನು ಎನ್‌ಎಸ್‌ಇಯಂಥ ವಿನಿಮಯ ಕೇಂದ್ರ ಹಾಕುವುದಿಲ್ಲ, ಕಂಪನಿಯೂ ಹಾಕುವುದಿಲ್ಲ. ಪರದೆಯ ಮೇಲೆ ಕಾಣುವುದು ಕೊನೆಯದಾಗಿ ಕುದುರಿದ ವ್ಯಾಪಾರದ ದರ, ಅಷ್ಟೇ. ಮುಂದಿನ ವ್ಯಾಪಾರ ಆ ದರಕ್ಕೇ ಆಗಬೇಕೆಂಬ ನಿಯಮ ಎಲ್ಲೂ ಇಲ್ಲ.

ಕಂಪ್ಯೂಟರಿನೊಳಗೆ ಪ್ರತಿ ಷೇರಿಗೂ ಎರಡು ಸಾಲು ಇರುತ್ತವೆ: ಕೊಳ್ಳುವವರದು ಒಂದು, ಮಾರುವವರದು ಒಂದು. ಒಳ್ಳೆಯ ಬೆಲೆ ಕೊಟ್ಟವರು ಮುಂದೆ ನಿಲ್ಲುತ್ತಾರೆ. ಬೆಲೆ ಒಂದೇ ಆದರೆ ಮೊದಲು ಬಂದವರು ಮುಂದೆ. ಹತ್ತು ಷೇರಿನವನಿಗೂ ಹತ್ತು ಲಕ್ಷ ಷೇರಿನ ಫಂಡಿಗೂ ಸರತಿ ಒಂದೇ.

ಒಂದು ಕಾಲ್ಪನಿಕ ಷೇರು ತೆಗೆದುಕೊಳ್ಳಿ. ಕೊನೆಯ ದರ 412.00. ಕೊಳ್ಳುವವರಲ್ಲಿ ಮುಂದಿರುವವರು ಕೇಳುತ್ತಿರುವುದು 411.80. ಮಾರುವವರ ಸಾಲು ಹೀಗಿದೆ: 412.10ಕ್ಕೆ 50, 412.60ಕ್ಕೆ 120, 414.00ಕ್ಕೆ 300, 419.50ಕ್ಕೆ 80. ಈಗ ಯಾರೋ 500 ಷೇರಿಗೆ ಮಾರ್ಕೆಟ್ ಆರ್ಡರ್, ಅಂದರೆ ಸಿಗುವ ದರಕ್ಕೆ ಕೊಡಿ ಎಂಬ ಆರ್ಡರ್, ಒತ್ತುತ್ತಾರೆ. ಮೊದಲ ಮೂರು ಮೆಟ್ಟಿಲಲ್ಲಿ ಸಿಗುವುದು 470. ಉಳಿದ 30 ಷೇರಿಗೆ 419.50ರ ಮೆಟ್ಟಿಲಿಗೆ ಹತ್ತಲೇಬೇಕು. ಒಟ್ಟು ಬಿಲ್ಲು 2,06,902 ರೂ., ಸರಾಸರಿ ಸುಮಾರು 413.80. ಪರದೆ ಮಾತ್ರ 419.50 ಎಂದು ಹಸಿರು ತೋರಿಸುತ್ತದೆ. ಆ ಹಸಿರು ನೋಡಿ ಕೂಡಲೇ ಮಾರಲು ಹೋದರೆ ಸಿಗುವುದು 411.80.

ತೂಕದಕಲ್ಲು
ಇದೇ ಉದಾಹರಣೆಗೆ ಒಂದು ಬಾಲಂಗೋಚಿ. ಆ ಕಂಪನಿಯ ಒಟ್ಟು ಷೇರು 10 ಕೋಟಿ ಎಂದಿಟ್ಟುಕೊಳ್ಳಿ. ಕೊನೆಯ 30 ಷೇರು, ಅಂದರೆ 12,585 ರೂಪಾಯಿಯ ವ್ಯಾಪಾರ, ದರವನ್ನು 414.00ರಿಂದ 419.50ಕ್ಕೆ, ಅಂದರೆ 5.50 ರೂ. ಮೇಲಕ್ಕೆತ್ತಿತು. ಲೆಕ್ಕದ ಪ್ರಕಾರ ಮಾರುಕಟ್ಟೆ ಮೌಲ್ಯ 55 ಕೋಟಿ ಹೆಚ್ಚಾಯಿತು! ಇಳಿಯುವಾಗಲೂ ಹೀಗೆಯೇ. "ಹೂಡಿಕೆದಾರರ ಇಷ್ಟು ಲಕ್ಷ ಕೋಟಿ ಕರಗಿತು" ಎಂಬ ತಲೆಬರಹ ಓದುವಾಗ ಇದು ನೆನಪಿರಲಿ. ಅಷ್ಟು ದುಡ್ಡು ಯಾರ ಜೇಬಿನಿಂದಲೂ ಆ ದಿನ ಹೊರಟಿಲ್ಲ, ಯಾರ ಜೇಬಿಗೂ ಹೋಗಿಲ್ಲ.

ವಹಿವಾಟು ಕಡಿಮೆ ಇರುವ ಸಣ್ಣ ಕಂಪನಿಗಳನ್ನು ಎತ್ತಿ ಕುಕ್ಕುವುದು ಏಕೆ ಸುಲಭ ಎಂಬುದೂ ಇಲ್ಲೇ ಅರ್ಥವಾಗುತ್ತದೆ. ಸಾಲು ತೆಳುವಾಗಿದ್ದರೆ ಸಾಕು.

ಹೊಸಪೈರು
ಹಾಗಾದರೆ ಮಾರ್ಕೆಟ್ ಆರ್ಡರ್ ಮುಟ್ಟಲೇಬಾರದೇ? ಬೆಳಿಗ್ಗೆ 9:15ಕ್ಕೆ ಪೇಟೆ ತೆರೆಯುವ ಮುಂಚೆಯೇ ದರ ಹೇಗೆ ಬದಲಾಗಿರುತ್ತದೆ?

ಆರ್ಡರ್‌ಬುಕ್_ಓದುಗ
ನಿಫ್ಟಿ 50ರ (ಎನ್‌ಎಸ್‌ಇಯ 50 ದೊಡ್ಡ ಕಂಪನಿಗಳ ಸೂಚ್ಯಂಕ) ಷೇರಿನಲ್ಲಿ ಹತ್ತು ಇಪ್ಪತ್ತು ಷೇರು ಕೊಳ್ಳುವವರಿಗೆ ವ್ಯತ್ಯಾಸ ಪೈಸೆಗಳದ್ದು. ಉಳಿದ ಕಡೆ ಲಿಮಿಟ್ ಆರ್ಡರೇ ಸರಿ. "ಬೇಗ ಬೇಕು" ಎಂದಾದರೆ ಮಾರುವವರ ಸಾಲಿನ ಎರಡನೆಯ ಅಥವಾ ಮೂರನೆಯ ದರಕ್ಕೆ ಲಿಮಿಟ್ ಹಾಕಿ. 412.60 ಎಂದು ಹಾಕಿದರೂ 412.10ರಲ್ಲಿ ಇರುವ 50 ಷೇರು 412.10ಕ್ಕೇ ಸಿಗುತ್ತವೆ. ಲಿಮಿಟ್ ಎಂದರೆ "ಇದಕ್ಕಿಂತ ಹೆಚ್ಚು ಕೊಡೆ" ಎಂದಷ್ಟೇ, "ಇಷ್ಟೇ ಕೊಡುತ್ತೇನೆ" ಎಂದಲ್ಲ. ಇದನ್ನು ತಪ್ಪಾಗಿ ತಿಳಿದವರು ಬಹಳ.

ಬೆಳಿಗ್ಗೆಯ ವಿಷಯ: 9:00ರಿಂದ 9:15 ಪ್ರೀ-ಓಪನ್. 9:08ರವರೆಗೆ ಆರ್ಡರ್ ಹಾಕಬಹುದು, ತಿದ್ದಬಹುದು, ರದ್ದು ಮಾಡಬಹುದು. ಕೊನೆಯ ಒಂದು ನಿಮಿಷದೊಳಗೆ ಯಾವ ಕ್ಷಣದಲ್ಲಾದರೂ ಬಾಗಿಲು ಹಾಕುತ್ತಾರೆ. ದೊಡ್ಡ ಸುಳ್ಳು ಆರ್ಡರ್ ಹಾಕಿ ಕೊನೆಯ ಸೆಕೆಂಡಿಗೆ ಹಿಂತೆಗೆಯುವ ಆಟ ತಪ್ಪಿಸಲು ಈ ಉಪಾಯ. ಆಮೇಲೆ ಯಾವ ಒಂದು ದರದಲ್ಲಿ ಅತಿ ಹೆಚ್ಚು ಷೇರು ಕೈ ಬದಲಾಯಿಸಬಹುದೋ ಆ ದರದಲ್ಲಿ ಎಲ್ಲರದ್ದನ್ನೂ ಹೊಂದಿಸುತ್ತಾರೆ. ಅದೇ ಆರಂಭದ ದರ. ಸಣ್ಣ ಷೇರುಗಳಲ್ಲಿ 9:15ರ ನಂತರದ ಮೊದಲ ಕೆಲವು ನಿಮಿಷ ಎರಡು ಸಾಲುಗಳ ನಡುವಿನ ಅಂತರ ಅಗಲವಾಗಿರುತ್ತದೆ. ಅವಸರವಿಲ್ಲದಿದ್ದರೆ ಆಗ ಸುಮ್ಮನಿರಿ.

ಕಡಲತಡಿ
ಸ್ಟಾಪ್‌ಲಾಸ್ (ದರ ಇಷ್ಟಕ್ಕೆ ಇಳಿದರೆ ಮಾರಿಬಿಡು ಎಂಬ ಆರ್ಡರ್) ಬಗ್ಗೆಯೂ ಬರೆಯಿರಿ ಮಾರಾಯ್ರೆ, ಅದನ್ನು ತಾಯಿತದ ಹಾಗೆ ಕಟ್ಟಿಕೊಂಡವರೇ ಜಾಸ್ತಿ. ನಾನೇ ಬರೆಯುತ್ತೇನೆ.

ಸ್ಟಾಪ್‌ಲಾಸ್ ಲಿಮಿಟ್‌ನಲ್ಲಿ ಎರಡು ದರ ಇರುತ್ತವೆ: ಆರ್ಡರನ್ನು ಎಬ್ಬಿಸುವ ಟ್ರಿಗರ್, ಎದ್ದ ಮೇಲೆ ಕೇಳುವ ಲಿಮಿಟ್. 412ಕ್ಕೆ ಕೊಂಡು, ಟ್ರಿಗರ್ 400, ಲಿಮಿಟ್ 399 ಇಟ್ಟಿದ್ದೀರಿ. ರಾತ್ರಿ ಕೆಟ್ಟ ಫಲಿತಾಂಶ ಬಂದು ಬೆಳಿಗ್ಗೆ ಷೇರು 385ಕ್ಕೆ ತೆರೆಯಿತು. ಆರ್ಡರ್ ಎದ್ದಿತು, "399ಕ್ಕೆ ಮಾರುತ್ತೇನೆ" ಎಂದು ಸಾಲಿನಲ್ಲಿ ನಿಂತಿತು, ಕೊಳ್ಳುವವರಿಲ್ಲ. ಅದು ಅಲ್ಲೇ ನಿಂತಿರುವಾಗ ದರ 370 ಆಯಿತು. ಹಾರಿ ಇಳಿಯುವ ಭಯ ಇದ್ದರೆ ಟ್ರಿಗರಿಗೂ ಲಿಮಿಟ್ಟಿಗೂ ಒಂದು ರೂಪಾಯಿ ಅಲ್ಲ, ಎರಡು ಮೂರು ಶೇಕಡಾ ಜಾಗ ಬಿಡಬೇಕು. ಮಾರ್ಕೆಟ್ ದರದ ಸ್ಟಾಪ್‌ಲಾಸ್ ಆದರೆ ಮಾರಾಟವೇನೋ ಆಗುತ್ತದೆ, ಆದರೆ 385ರ ಆಸುಪಾಸಿನಲ್ಲಿ.

ಇನ್ನೊಂದು. ವಿನಿಮಯ ಕೇಂದ್ರಕ್ಕೆ ಹೋದ ಸ್ಟಾಪ್‌ಲಾಸ್ ಆ ದಿನ 3:30ಕ್ಕೆ ಸತ್ತುಹೋಗುತ್ತದೆ. ತಿಂಗಳುಗಟ್ಟಲೆ ಇರುವ ಜಿಟಿಟಿ ಎಂಬುದು ಬ್ರೋಕರ್ ತನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಂಡ ಚೀಟಿ. ದರ ಮುಟ್ಟಿದಾಗ ಆತ ಆರ್ಡರ್ ಕಳಿಸುತ್ತಾನೆ, ಅದಕ್ಕೂ ಮೇಲಿನ ಗತಿಯೇ ಬರಬಹುದು.

ಲೋವರ್ ಸರ್ಕ್ಯೂಟ್, ಅಂದರೆ ದಿನದ ಇಳಿಕೆಯ ಮಿತಿ, ಬಿದ್ದರಂತೂ ಯಾವ ಸ್ಟಾಪ್‌ಲಾಸೂ ಇಲ್ಲ. ಷೇರುಗಳಿಗೆ ದಿನದ ಮಿತಿ 2, 5, 10 ಅಥವಾ 20 ಶೇಕಡಾ. ಕೆಳಗಿನ ಮಿತಿಯಲ್ಲಿ ಮಾರುವವರ ಸಾಲು ಲಕ್ಷಗಟ್ಟಲೆ, ಕೊಳ್ಳುವವರು ಸೊನ್ನೆ. 5 ಶೇಕಡಾದ ಷೇರು ಸತತ ಆರು ದಿನ ಹೀಗೆ ಬಿದ್ದರೆ 100 ರೂ. 73.50 ಆಗಿರುತ್ತದೆ, ನಡುವೆ ಒಂದು ಷೇರೂ ಮಾರಲಾಗದೆ.

ತೂಕದಕಲ್ಲು
@ಕಡಲತಡಿ ಒಂದು ಸೇರ್ಪಡೆ. ಫ್ಯೂಚರ್ಸ್-ಆಪ್ಷನ್ಸ್ (ಮುಂದಿನ ದಿನಾಂಕಕ್ಕೆ ಮಾಡಿಕೊಳ್ಳುವ ಕೊಡು-ಕೊಳ್ಳುವ ಕರಾರುಗಳು) ಇರುವ ಷೇರುಗಳಿಗೆ ಈ ಸ್ಥಿರ ಮಿತಿ ಇಲ್ಲ. 10 ಶೇಕಡಾದಲ್ಲಿ ತಡೆ ಶುರುವಾಗಿ, ಆಮೇಲೆ ಸಡಿಲಿಸುತ್ತಾ ಹೋಗುತ್ತಾರೆ. ಹಾಗಾಗಿ ದೊಡ್ಡ ಹೆಸರಿನ ಷೇರು ಒಂದೇ ದಿನ 25 ಶೇಕಡಾ ಬೀಳಬಲ್ಲದು. ಇಡೀ ಪೇಟೆಗೆ ಬೇರೆ ತಡೆ ಇದೆ: ಸೂಚ್ಯಂಕ 10, 15, 20 ಶೇಕಡಾ ಚಲಿಸಿದಾಗ. ಮಧ್ಯಾಹ್ನ 1 ಗಂಟೆಗೆ ಮೊದಲು 10 ಶೇಕಡಾ ಆದರೆ 45 ನಿಮಿಷ ಬಂದ್. 20 ಆದರೆ ಆ ದಿನದ ಅಂಗಡಿ ಮುಚ್ಚಿದಂತೆ. 2020ರ ಮಾರ್ಚ್ 13 ಮತ್ತು 23ರಂದು ಎರಡು ಸಲ ಈ ತಡೆ ಬಿದ್ದಿತ್ತು.

ಜೋಳದರೊಟ್ಟಿ
ಈಗ ಚುಕ್ತಾ ಮಾಡೋದರ ಬಗ್ಗೆ ನೋಡ್ರಿ. ವ್ಯಾಪಾರ ಕುದುರಿದ ಕೂಡಲೇ ನಡುವ ಒಂದು ಕ್ಲಿಯರಿಂಗ್ ಕಾರ್ಪೊರೇಷನ್ ಬಂದು ಕೂಡ್ತದ. ಕೊಳ್ಳೋರಿಗೆ ಅದೇ ಮಾರೋರು, ಮಾರೋರಿಗೆ ಅದೇ ಕೊಳ್ಳೋರು. ಎದುರಿನವ ಕೈ ಎತ್ತಿದ್ರೂ ನಿಮ್ಮ ವ್ಯವಹಾರ ನಿಲ್ಲಂಗಿಲ್ಲ. ಮಾರ್ಜಿನ್ ಅಂತ ಮೊದಲೇ ರೊಕ್ಕ ಹಿಡಿದಿಟ್ಟುಕೊಳ್ಳೋದು ಇದಕ್ಕೇರಿ.

ಸೋಮವಾರ ಕೊಂಡ್ರ ಮಂಗಳವಾರ ಡಿಮ್ಯಾಟಿಗೆ ಬರ್ತದ. ಇದೇ ಟಿ+1. 2022ರ ಫೆಬ್ರವರಿಯೊಳಗ ಸಣ್ಣ ಕಂಪನಿಗಳಿಂದ ಶುರು ಮಾಡಿ 2023ರ ಜನವರಿ 27ಕ್ಕ ಎಲ್ಲಾ ಷೇರಿಗೂ ತಂದ್ರು. ಮೊದಲು ಷೇರು ಬ್ರೋಕರನ ಖಾತೆ ದಾಟಿ ನಿಮಗ ಬರ್ತಿತ್ತು. ಈಗ ಕ್ಲಿಯರಿಂಗ್ ಕಾರ್ಪೊರೇಷನ್ನಿನಿಂದ ನೇರ ನಿಮ್ಮ ಡಿಮ್ಯಾಟಿಗೆ. ಬ್ರೋಕರ್ ಅನ್ನೋನು ದಲ್ಲಾಳಿ ಮಾತ್ರ. ಷೇರು ಇರೋದು ಎನ್‌ಎಸ್‌ಡಿಎಲ್ ಇಲ್ಲಾ ಸಿಡಿಎಸ್‌ಎಲ್ ಡಿಪಾಸಿಟರಿಯೊಳಗ, ನಿಮ್ಮ ಹೆಸರಿನ ಮ್ಯಾಲೆ. ಆ್ಯಪ್ ಬಂದ್ ಆದ್ರೂ ಷೇರು ಎಲ್ಲಿಗೂ ಹೋಗಂಗಿಲ್ಲ.

ಕೆಡೋದು ಎಲ್ಲಿ ಅಂದ್ರ ಶಾರ್ಟ್ ಡೆಲಿವರಿಯೊಳಗ. ಒಬ್ಬಾಂವ ಕೈಯಾಗ ಷೇರಿಲ್ಲದ ಇಂಟ್ರಾಡೇನಾಗ (ಅದೇ ದಿನ ಮುಗಿಸೋ ವ್ಯಾಪಾರ) ಮಾರ್ತಾನ, ಸಂಜಿಗೆ ಕೊಂಡು ಮುಗಿಸ್ತೀನಿ ಅಂತ. ಮಧ್ಯಾಹ್ನಕ್ಕ ಅಪ್ಪರ್ ಸರ್ಕ್ಯೂಟ್ ಬೀಳ್ತದ, ಮಾರೋರೇ ಇಲ್ಲ. ಮರುದಿನ ಕೊಡಬೇಕಾದ ಷೇರು ಅವನ ಹತ್ರ ಇಲ್ಲ. ಆವಾಗ ಕ್ಲಿಯರಿಂಗ್ ಕಾರ್ಪೊರೇಷನ್ ಹರಾಜಿನಾಗ ಕೊಂಡು ಖರೀದಿದಾರಗ ಕೊಡ್ತದ, ಒಂದು ದಿನ ತಡ ಆಗ್ತದ. ಹರಾಜಿನ ದರ, ದಂಡ ಎಲ್ಲಾ ಮಾರಿದವನ ತಲಿ ಮ್ಯಾಲೆ. ಹರಾಜಿನಾಗೂ ಸಿಗದಿದ್ರ ಖರೀದಿದಾರಗ ರೊಕ್ಕದಾಗ ತೀರಿಸ್ತಾರ. ಆ ದರಾ ಹರಾಜಿನ ದಿನದ ಮುಕ್ತಾಯಕ್ಕಿಂತ 20 ಶೇಕಡಾ ಮ್ಯಾಲೆ, ಇಲ್ಲಾ ನಡುವಿನ ದಿನಗಳ ಗರಿಷ್ಠ ದರ, ಯಾವುದು ಹೆಚ್ಚೋ ಅದು.

ಹೊಸಪೈರು
ರೀ ಸರ್, ಸೋಮವಾರ ಕೊಂಡದ್ದನ್ನು ಮಂಗಳವಾರ ಬೆಳಿಗ್ಗೆಯೇ ಮಾರಬಹುದಾ? ಷೇರು ಇನ್ನೂ ಬಂದಿರುವುದಿಲ್ಲವಲ್ಲ.

ಜೋಳದರೊಟ್ಟಿ
ಮಾರಬಹುದ್ರಿ, ಹೆಚ್ಚಿನ ಬ್ರೋಕರ್‌ಗಳು ಬಿಡ್ತಾರ. ಆದ್ರ ನಿಮಗ ಮಾರಿದಾಂವ ಷೇರು ಕೊಡದಿದ್ರ ನೀವೂ ನಿಮ್ಮ ಖರೀದಿದಾರಗ ಕೊಡೋಕಾಗಂಗಿಲ್ಲ, ಹರಾಜಿನ ದಂಡ ನಿಮ್ಮ ತನಕ ಬರಬಹುದು. ದಿನಾ ಸರ್ಕ್ಯೂಟ್ ಹೊಡೆಯೋ ಷೇರಿನಾಗ ಈ ಕೆಲಸ ಮಾಡಬ್ಯಾಡ್ರಿ. ಟ್ರೇಡ್-ಟು-ಟ್ರೇಡ್ ಗುಂಪಿನ ಷೇರು, ಎನ್‌ಎಸ್‌ಇಯೊಳಗ ಹೆಸರಿನ ಮುಂದ ಬಿಇ ಅಂತ ಇರ್ತದ, ಅದನ್ನ ಕೊಂಡ ದಿನನೇ ಮಾರೋಕೆ ಬಿಡಂಗೇ ಇಲ್ಲ.

ಲೆಕ್ಕದಪುಸ್ತಕ
ದುಡ್ಡು ಸೋರುವ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಡೆಲಿವರಿಗೆ (ಷೇರು ಡಿಮ್ಯಾಟಿಗೆ ಬರುವಂತೆ) 1,00,000 ರೂಪಾಯಿಗೆ ಕೊಂಡು, ಕೆಲವು ವಾರ ಬಿಟ್ಟು 1,01,000ಕ್ಕೆ ಮಾರಿದಿರಿ. ದಲ್ಲಾಳಿ ಶುಲ್ಕ ಸೊನ್ನೆ ಎಂದೇ ಹಿಡಿಯೋಣ.

ಎಸ್‌ಟಿಟಿ (ಷೇರು ವಹಿವಾಟಿನ ಮೇಲಿನ ಸರ್ಕಾರಿ ತೆರಿಗೆ) ಕೊಳ್ಳುವಾಗಲೂ ಮಾರುವಾಗಲೂ 0.1 ಶೇಕಡಾ: 100 + 101 = 201 ರೂ. ಮುದ್ರಾಂಕ ಶುಲ್ಕ ಕೊಳ್ಳುವಾಗ ಮಾತ್ರ 0.015 ಶೇಕಡಾ: 15 ರೂ. ವಿನಿಮಯ ಕೇಂದ್ರದ ಶುಲ್ಕ ಲಕ್ಷಕ್ಕೆ ಸುಮಾರು 3 ರೂ., ಎರಡು ಬಾರಿಗೆ 6. ಪೇಟೆಯ ನಿಯಂತ್ರಕ ಸೆಬಿಯದು ಕೋಟಿಗೆ 10 ರೂ., ಇಲ್ಲಿ 20 ಪೈಸೆ. ಇವೆರಡರ ಮೇಲೆ 18 ಶೇಕಡಾ ಜಿಎಸ್‌ಟಿ, ಒಂದು ರೂಪಾಯಿ ಚಿಲ್ಲರೆ. ಮಾರಿದಾಗ ಡಿಪಿ ಶುಲ್ಕ (ಡಿಮ್ಯಾಟಿನಿಂದ ಷೇರು ಹೊರಹೋಗುವಾಗ ಹಾಕುವ ಶುಲ್ಕ), ಬ್ರೋಕರ್ ಮೇಲೆ ಬದಲಾಗುತ್ತದೆ, 16 ಎಂದಿಟ್ಟುಕೊಳ್ಳಿ. ಒಟ್ಟು ಹೆಚ್ಚುಕಡಿಮೆ 239 ರೂ. "ಉಚಿತ" ಎಂಬ ಆ್ಯಪ್‌ನಲ್ಲಿ ಸಾವಿರದಲ್ಲಿ ಕಾಲು ಭಾಗ ಹೋಯಿತು. ಉಳಿದ 761ರ ಮೇಲೆ 20 ಶೇಕಡಾ ತೆರಿಗೆ ಕಟ್ಟಿದರೆ ಕೈಗೆ 600ರ ಹತ್ತಿರ.

ಡಿಪಿ ಶುಲ್ಕದ ಸ್ವಭಾವ ಗಮನಿಸಿ. ಒಂದು ದಿನ ಒಂದು ಕಂಪನಿಯ ಒಂದು ಷೇರು ಮಾರಿದರೂ ಸಾವಿರ ಮಾರಿದರೂ ಅಷ್ಟೇ. 500 ರೂಪಾಯಿಯ ಷೇರು ಮಾರಿದರೆ ಅದೊಂದೇ 3 ಶೇಕಡಾ ಮೀರುತ್ತದೆ. ಮೂರು ದಿನ ಹಂಚಿ ಮಾರಿದರೆ ಮೂರು ಸಲ.

ಆಡಿಟ್_ಅಜ್ಜ
ಲೆಕ್ಕದಪುಸ್ತಕ ಅವರೇ, ತೆರಿಗೆಯಲ್ಲಿ ಒಂದು ಎಡವಟ್ಟಾಗಿದೆ. ಬಂಡವಾಳ ಲಾಭದ ಲೆಕ್ಕದಲ್ಲಿ ಎಸ್‌ಟಿಟಿಯನ್ನು ಖರ್ಚೆಂದು ಕಳೆಯಲು ಕಾನೂನು ಬಿಡುವುದಿಲ್ಲ. ಕಳೆಯಬಹುದಾದ್ದು ಉಳಿದ 38 ರೂ. ಮಾತ್ರ. ಹಾಗಾಗಿ ತೆರಿಗೆ 761ರ ಮೇಲಲ್ಲ, 962ರ ಮೇಲೆ: 192 ರೂ., ಅದರ ಮೇಲೆ 4 ಶೇಕಡಾ ಉಪಕರ ಸೇರಿ 200. ಕೈಗೆ ಉಳಿಯುವುದು ಸುಮಾರು 561.

12 ತಿಂಗಳು ಮೀರಿ ಇಟ್ಟುಕೊಂಡು ಮಾರಿದರೆ ದರ 12.5 ಶೇಕಡಾ, ಅದೂ ವರ್ಷಕ್ಕೆ 1.25 ಲಕ್ಷ ದಾಟಿದ ಲಾಭಕ್ಕೆ ಮಾತ್ರ. 2024ರ ಜುಲೈ 23ರಿಂದ ಈ ದರಗಳು. ಬೇರೆ ಬೇರೆ ದಿನ ಕೊಂಡಿದ್ದರೆ ಮೊದಲು ಬಂದದ್ದೇ ಮೊದಲು ಹೋಯಿತು ಎಂದು ಲೆಕ್ಕ. ಇದು ಪ್ರತಿ ಡಿಮ್ಯಾಟ್ ಖಾತೆಗೆ ಪ್ರತ್ಯೇಕ. ಹಳೆಯದನ್ನು ಉಳಿಸಿ ಹೊಸದನ್ನು ಮಾರಿದೆ ಎನ್ನಲು ಬರುವುದಿಲ್ಲ. ಇಂಟ್ರಾಡೇ ಲಾಭವಂತೂ ಬಂಡವಾಳ ಲಾಭವೇ ಅಲ್ಲ, ಸಟ್ಟಾ ವ್ಯವಹಾರದ ಆದಾಯ. ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ, ರಿಟರ್ನ್ ಫಾರಂ ಕೂಡ ಬೇರೆ.

ಲೆಕ್ಕದಪುಸ್ತಕ
ಒಪ್ಪಿದೆ ಅಜ್ಜ, 561 ಸರಿ. ತಿದ್ದಿಕೊಂಡೆ.

ಕಡಲತಡಿ
ಡಿವಿಡೆಂಡ್ (ಕಂಪನಿ ಹಂಚುವ ಲಾಭಾಂಶ) ಬರುವ ಹಿಂದಿನ ದಿನ ಕೊಂಡು ಮರುದಿನ ಮಾರುವ "ಟ್ರಿಕ್" ಎಲ್ಲ ಗ್ರೂಪಿನಲ್ಲೂ ಓಡಾಡುತ್ತಿದೆ. ಅದಕ್ಕೂ ಒಂದು ಮಾತು. ಟಿ+1 ಬಂದ ಮೇಲೆ ಎಕ್ಸ್-ದಿನಾಂಕವೂ (ಡಿವಿಡೆಂಡ್ ಹಕ್ಕಿಲ್ಲದೆ ಷೇರು ವಹಿವಾಟಾಗುವ ಮೊದಲ ದಿನ) ರೆಕಾರ್ಡ್ ದಿನಾಂಕವೂ (ಕಂಪನಿ ಹಕ್ಕುದಾರರ ಪಟ್ಟಿ ನೋಡುವ ದಿನ) ಸಾಮಾನ್ಯವಾಗಿ ಒಂದೇ. ಅದರ ಹಿಂದಿನ ವಹಿವಾಟಿನ ದಿನ ಕೊಂಡಿರಬೇಕು. ರೆಕಾರ್ಡ್ ದಿನವೇ ಕೊಂಡರೆ ಇಲ್ಲ. 200 ರೂಪಾಯಿಯ ಷೇರಿಗೆ 10 ರೂ. ಡಿವಿಡೆಂಡ್ ಇದ್ದರೆ, ಎಕ್ಸ್-ದಿನ ಬೇರೆಲ್ಲ ಸಮ ಇದ್ದಾಗ ಅದು 190ರ ಸುತ್ತ ತೆರೆಯುತ್ತದೆ. ಕಂಪನಿಯ ತಿಜೋರಿಯಿಂದ 10 ರೂ. ಹೊರಟಿತಲ್ಲ! ಮೇಲಾಗಿ ಆ 10 ರೂಪಾಯಿಗೆ ಸ್ಲ್ಯಾಬ್ ತೆರಿಗೆ. ಟ್ರಿಕ್ ಎಲ್ಲಿ ಉಳಿಯಿತು?

ಆಡಿಟ್_ಅಜ್ಜ
ಬೋನಸ್ಸಿನದೂ ಅದೇ ಕಥೆ. 1:1 ಬೋನಸ್ (ಇರುವ ಪ್ರತಿ ಷೇರಿಗೆ ಇನ್ನೊಂದು ಉಚಿತ) ಎಂದರೆ ಒಂದು ರೊಟ್ಟಿಯನ್ನು ಎರಡು ತುಂಡು ಮಾಡಿದಂತೆ. ಎಕ್ಸ್-ದಿನ ದರ ಅರ್ಧವಾಗುತ್ತದೆ, ಹೊಸ ಷೇರು ಖಾತೆಗೆ ಬರಲು ಒಂದೆರಡು ದಿನ ಬೇಕು. ಆ ನಡುವೆ ಆ್ಯಪ್‌ನಲ್ಲಿ 50 ಶೇಕಡಾ ನಷ್ಟ ಎಂದು ಕೆಂಪಗೆ ಕಾಣುತ್ತದೆ. ಗಾಬರಿಯಿಂದ ಮಾರಬೇಡಿ. ತೆರಿಗೆಗೆ ಬೋನಸ್ ಷೇರಿನ ಕೊಂಡ ಬೆಲೆ ಸೊನ್ನೆ, ಅದರ 12 ತಿಂಗಳು ಬೋನಸ್ ಬಂದ ದಿನದಿಂದ ಹೊಸದಾಗಿ ಶುರು.

ತೂಕದಕಲ್ಲು
ಐಪಿಒ (ಕಂಪನಿ ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರುವುದು) ಬಗ್ಗೆ ಚುಟುಕಾಗಿ. ಅರ್ಜಿ ಹಾಕಿದಾಗ ದುಡ್ಡು ಹೋಗುವುದಿಲ್ಲ, ನಿಮ್ಮ ಬ್ಯಾಂಕ್ ಖಾತೆಯಲ್ಲೇ ತಡೆಹಿಡಿಯುತ್ತಾರೆ. ಷೇರು ಸಿಕ್ಕರಷ್ಟೇ ಕಡಿತ. ಅರ್ಜಿ ಮುಚ್ಚಿದ ಮೇಲೆ ಮೂರನೆಯ ಕೆಲಸದ ದಿನ ಲಿಸ್ಟಿಂಗ್, ಅಂದರೆ ಪೇಟೆಯಲ್ಲಿ ವಹಿವಾಟು ಶುರು. ಸಣ್ಣ ಹೂಡಿಕೆದಾರರ ಪಾಲಿಗೆ ವಿಪರೀತ ಬೇಡಿಕೆ ಬಂದರೆ ಒಂದೊಂದು ಲಾಟಿಗೆ (ಷೇರುಗಳ ನಿಗದಿತ ಕಂತೆ) ಚೀಟಿ ಎತ್ತುತ್ತಾರೆ. ಆಗ 13 ಲಾಟಿಗೆ ಅರ್ಜಿ ಹಾಕಿದವರಿಗೂ ಒಂದು ಲಾಟಿಗೆ ಹಾಕಿದವರಿಗೂ ಅವಕಾಶ ಒಂದೇ. ಒಂದೇ ಪ್ಯಾನ್‌ನಲ್ಲಿ ಎರಡು ಅರ್ಜಿ ಹಾಕಿದರೆ ಎರಡೂ ತಿರಸ್ಕೃತ. "ಗ್ರೇ ಮಾರ್ಕೆಟ್ ಪ್ರೀಮಿಯಂ" ಎಂದು ಕಾಣುವ, ಲಿಸ್ಟಿಂಗಿಗೆ ಮೊದಲಿನ ಅನಧಿಕೃತ ವ್ಯಾಪಾರದ ಅಂಕಿ ಯಾವ ವಿನಿಮಯ ಕೇಂದ್ರದ್ದೂ ಅಲ್ಲ.

ಹೊಸಪೈರು
ಆಪ್ಷನ್ಸ್ ಕಲಿಯಬೇಕಾ? ಕಡಿಮೆ ದುಡ್ಡಿನಲ್ಲಿ ಆಗುತ್ತದೆ ಅನ್ನುತ್ತಾರೆ.

ಲೆಕ್ಕದಪುಸ್ತಕ
ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನ ನೋಡಿ. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಫ್ಯೂಚರ್ಸ್-ಆಪ್ಷನ್ಸ್ ಆಡಿದ ವ್ಯಕ್ತಿಗಳಲ್ಲಿ 93 ಶೇಕಡಾ ಮಂದಿಗೆ ನಷ್ಟ, ಒಟ್ಟು 1.8 ಲಕ್ಷ ಕೋಟಿ ರೂಪಾಯಿ ಮೀರಿ. ಕಲಿಯುವುದು ಬೇರೆ, ಆಡುವುದು ಬೇರೆ.

ಆರ್ಡರ್‌ಬುಕ್_ಓದುಗ
ಅಷ್ಟು ಹೇಳಿ ಬಾಗಿಲು ಹಾಕುವುದು ಸರಿಯಲ್ಲ ಅನ್ನಿಸುತ್ತದೆ. ಕೈಯಲ್ಲಿರುವ ಷೇರಿಗೆ ವಿಮೆಯಂತೆ ಪುಟ್ (ನಿಗದಿತ ದರಕ್ಕೆ ಮಾರುವ ಹಕ್ಕು) ಕೊಳ್ಳುವುದು ನ್ಯಾಯವಾದ ಬಳಕೆಯೇ. ಆದರೆ ಸೋಲುವ ಕಾರಣ ಗೊತ್ತಿರಲಿ: ಆಪ್ಷನ್ ದಿನ ಕಳೆದಂತೆ ಕರಗುವ ಮಂಜುಗಡ್ಡೆ. ದಿಕ್ಕು ಸರಿ ಊಹಿಸಿದರೂ ತಡವಾದರೆ ದುಡ್ಡು ಹೋಗುತ್ತದೆ. ಇನ್ನು, ಕಂಪನಿ ಷೇರುಗಳ ಆಪ್ಷನ್ 2019ರ ಅಕ್ಟೋಬರಿನಿಂದ ಷೇರು ಕೊಟ್ಟು-ಪಡೆದೇ ತೀರಬೇಕು. 3,000 ರೂಪಾಯಿಗೆ ಕೊಂಡ ಕಾಲ್ (ನಿಗದಿತ ದರಕ್ಕೆ ಕೊಳ್ಳುವ ಹಕ್ಕು) ಲಾಭದಲ್ಲಿದ್ದು, ಕೊನೆಯ ದಿನ ಮಾರಲು ಮರೆತರೆ, ಇಡೀ ಲಾಟಿನ ಷೇರಿಗೆ ಲಕ್ಷಗಟ್ಟಲೆ ಹೊಂದಿಸಬೇಕು.

ಲೆಕ್ಕದಪುಸ್ತಕ
ವಿಮೆಗೆಂದು ಪುಟ್ ಕೊಳ್ಳುವವರು ಆ 93ರಲ್ಲಿ ಎಷ್ಟು ಮಂದಿ ಇದ್ದಾರು? ಇಲ್ಲಿಗೇ ಬಿಡುತ್ತೇನೆ.

ಜೋಳದರೊಟ್ಟಿ
ಮೋಸದ ಬಗ್ಗೆ ಯಾರೂ ಬರೀಲಿಲ್ಲಲ್ರಿ. ವಾಟ್ಸಾಪಿನಾಗ ಬಂದ ಲಿಂಕಿನ ಆ್ಯಪ್ ಹಾಕ್ಕೊಂಡು, ಅದರಾಗ ಕಾಣೋ ಲಾಭ ನಂಬಿ ರೊಕ್ಕ ಹಾಕ್ತಾ ಹೋಗೋದು ಈಗಿನ ದೊಡ್ಡ ರೋಗ. ಪರೀಕ್ಷೆ ಸರಳ ಅದ. ನಿಮ್ಮ ಡಿಮ್ಯಾಟಿನ ಲೆಕ್ಕ ಡಿಪಾಸಿಟರಿಯಿಂದ ನೇರ ಇಮೇಲಿಗೆ ಬರ್ತದ, ಸಿಎಎಸ್ ಅಂತಾರ. ಆ್ಯಪಿನಾಗ ಇದ್ದು ಅದರಾಗ ಇಲ್ಲದ ಷೇರು ನಿಮ್ಮದಲ್ಲ, ಬರೇ ಚಿತ್ರ. ರೊಕ್ಕ ಕಳಿಸೋ ಮುಂದ ಯುಪಿಐ ವಿಳಾಸ ನೋಡ್ರಿ: ನೋಂದಾಯಿತ ಬ್ರೋಕರ್‌ಗಳಿಗೆ ಸೆಬಿ 2025ರ ಅಕ್ಟೋಬರಿನಿಂದ "ವ್ಯಾಲಿಡ್" ಅನ್ನೋ ಪದ ಇರೋ ಹ್ಯಾಂಡಲ್ ಕೊಟ್ಟದ. ವ್ಯಕ್ತಿಯ ಹೆಸರಿನ ಖಾತೆಗೆ ಹಾಕ್ರಿ ಅಂದ್ರ ಅಲ್ಲೇ ನಿಲ್ಲಸ್ರಿ.

ಬ್ರೋಕರ್ ಜೊತಿ ತಕರಾರು ಆದ್ರ ಮೊದಲು ಅವರಿಗೇ ಬರದು ದೂರಿನ ನಂಬರ್ ತಗೋರಿ. ಬಗೆಹರೀದಿದ್ರ ಸೆಬಿಯ ಸ್ಕೋರ್ಸ್ ಪೋರ್ಟಲ್. ಅಲ್ಲಿ ಹಾಕಿದ ದೂರಿಗೆ 21 ದಿನದಾಗ ಉತ್ತರ ಕೊಡಬೇಕು. ಕಾಂಟ್ರ್ಯಾಕ್ಟ್ ನೋಟ್ ಒಂದೂ ಅಳಿಸಬ್ಯಾಡ್ರಿ, ಅದರಾಗ ಪ್ರತಿ ವ್ಯಾಪಾರದ ಸಮಯ, ದರ, ನಂಬರ್ ಇರ್ತದ.

ಹೊಸಪೈರು
ಕೊನೆಯದಾಗಿ ಒಂದು. ಮಾರ್ಚ್ 31ರ ಒಳಗೆ ನಷ್ಟದ ಷೇರು ಮಾರಿ ತೆರಿಗೆ ಉಳಿಸುವುದಾದರೆ, ದುಡ್ಡು ಏಪ್ರಿಲ್‌ನಲ್ಲಿ ಬಂದರೆ ಆ ನಷ್ಟ ಯಾವ ವರ್ಷದ್ದು?

ಆಡಿಟ್_ಅಜ್ಜ
ಕಾಂಟ್ರ್ಯಾಕ್ಟ್ ನೋಟಿನ ದಿನಾಂಕವೇ ಲೆಕ್ಕ, ದುಡ್ಡು ಬಂದ ದಿನ ಅಲ್ಲ. ಅಲ್ಪಾವಧಿ ನಷ್ಟವನ್ನು ಎರಡೂ ಬಗೆಯ ಲಾಭಕ್ಕೆ ಹೊಂದಿಸಬಹುದು, ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭಕ್ಕೆ ಮಾತ್ರ. ಉಳಿದದ್ದನ್ನು 8 ವರ್ಷ ಮುಂದೊಯ್ಯಬಹುದು, ಆದರೆ ರಿಟರ್ನ್ ಗಡುವಿನೊಳಗೆ ಸಲ್ಲಿಸಿದ್ದರೆ ಮಾತ್ರ. ಮಾರಿದ ದಿನವೇ ಅದೇ ಷೇರನ್ನು ಅದೇ ಖಾತೆಯಲ್ಲಿ ಮರಳಿ ಕೊಂಡರೆ ಅದು ಇಂಟ್ರಾಡೇ ಆಗಿಬಿಡುತ್ತದೆ, ನಷ್ಟ ದಾಖಲಾಗುವುದೇ ಇಲ್ಲ. ಮರುದಿನ ಕೊಳ್ಳಿ. ಮಾರ್ಚ್ 31 ರಜೆಯೋ ಎಂದು ಆ ವರ್ಷದ ಪಟ್ಟಿಯನ್ನು ಮೊದಲೇ ನೋಡಿಕೊಳ್ಳಿ.